ಹಳೇ ಸ್ಯಾಂಟ್ರೋಗೆ ಸಿಂಥೆಟಿಕ್ ಆಯಿಲ್ ಹಾಕಿದರೆ ಸೀಲ್ ಸೋರುತ್ತಾ?

ಪ್ರಶ್ನೆ – ಚಿಂಚ್‌ವಡ, ಪುಣೆ
ನಮಸ್ಕಾರ್ರಿ. 2006ರ ಸ್ಯಾಂಟ್ರೋ, ಪೆಟ್ರೋಲ್, 1,12,000 ಕಿ.ಮೀ. ಇಲ್ಲಿಯತನಕ 20ಡಬ್ಲ್ಯೂ-40 ಗ್ರೇಡಿನ ಮಿನರಲ್ (ಕಚ್ಚಾ ತೈಲ ಸಂಸ್ಕರಿಸಿದ ಮಾಮೂಲಿ) ಆಯಿಲ್ಲೇ. ವಾರವೆಲ್ಲ ಪುಣೆ ಟ್ರಾಫಿಕ್ಕು, ತಿಂಗಳಿಗೊಮ್ಮೆ ಖಂಬಾಟ್ಕಿ ಘಾಟ್ ಹತ್ತಿ ಬೆಳಗಾವಿ. ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ ಆಯಿಲ್) ಹಾಕಿದರೆ ಸೀಲ್ (ಸಂದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಉಂಗುರ) ಸೋರುತ್ತೆ, ಹಾಕಲೇಬೇಕಂದ್ರೆ ಮೊದಲು ಫ್ಲಶ್ (ದ್ರಾವಣ ಹಾಕಿ ಎಂಜಿನ್ ಒಳಗೆ ತೊಳೆಯುವುದು) ಮಾಡಿಸಿ ಅಂತಾರೆ ಗ್ಯಾರೇಜಿನವರು. ಖರೇನಾ?

ಉತ್ತರ – ಘಾಟ್ ಸವಾರ
ಸಿಂಥೆಟಿಕ್ ಸೀಲನ್ನು ತಿನ್ನುವುದಿಲ್ಲ. 1970ರ ದಶಕದ ಕೆಲವು ಸಿಂಥೆಟಿಕ್‌ಗಳು ರಬ್ಬರಿಗೆ ಒಗ್ಗುತ್ತಿರಲಿಲ್ಲ, ಆ ಮಾತು ಇನ್ನೂ ಓಡಾಡುತ್ತಿದೆ. ಈಗ ಆಗುವುದೇ ಬೇರೆ: ಗಟ್ಟಿಯಾಗಿ ಸೀಳಿದ ಸೀಲಿನ ಸಂದಿಯಲ್ಲಿ ಹಳೇ ಜಿಡ್ಡು ಕೂತು ಸೋರಿಕೆ ತಡೆದಿರುತ್ತದೆ. ಹೊಸ ಆಯಿಲ್ ಆ ಜಿಡ್ಡನ್ನು ತೊಳೆಯುತ್ತದೆ, ಸೀಳು ಬಯಲಾಗುತ್ತದೆ.

ಹಾಗಾಗಿ ಮೊದಲು ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಸುತ್ತ, ಎಂಜಿನ್-ಗೇರ್‌ಬಾಕ್ಸ್ ಸೇರುವಲ್ಲಿ ಕೆಳಗಡೆ ಒದ್ದೆ ಇದೆಯಾ ನೋಡಿ. ಆ ಮುಚ್ಚಳದಡಿಯ ಗ್ಯಾಸ್ಕೆಟ್ ಬದಲಿಸುವುದು ಸಣ್ಣ ಕೆಲಸ. ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬದಲಿಸುವಾಗಲೇ ಮಾಡಿಸಿ.

ಗ್ರೇಡ್ 10ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40 ತಗೊಳ್ಳಿ (ಮೊದಲ ಅಂಕಿ ತಣ್ಣಗಿದ್ದಾಗಿನ, ಎರಡನೆಯದು ಬಿಸಿಯಾದಾಗಿನ ದಪ್ಪ). ಬಿಸಿಯಾದಾಗ ಈಗಿನ 40ರ ದಪ್ಪವೇ ಉಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬೇಗ ಮೇಲೇರುತ್ತದೆ. ಸವೆದ ಎಂಜಿನ್‌ಗೆ 30 ಹಾಕಿದರೆ ಆಯಿಲ್ ಕುಡಿಯುವುದು ಹೆಚ್ಚಾಗಬಹುದು.

ಉತ್ತರ – ಪಾನಾ ನಂ. 17
ಫ್ಲಶ್ ಬೇಡವೇ ಬೇಡ. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಕಂದು ಬಣ್ಣ ಇದ್ದರೆ ಚಿಂತೆಯಿಲ್ಲ. ಗಾಡಿಯ ಕೀಲೆಣ್ಣೆಯಂತೆ ಕಪ್ಪು ಗಸಿ ಮೆತ್ತಿದ್ದರೆ, ಫ್ಲಶ್ ಅದನ್ನು ಹೆಕ್ಕಳಿಕೆಯಾಗಿ ಎಬ್ಬಿಸಿ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿಗೆ ಒಯ್ಯುತ್ತದೆ. ಜಾಲರಿ ಕಟ್ಟಿದರೆ ಆಯಿಲ್ ಪ್ರೆಶರ್ ಕುಸಿದು ಬೇರಿಂಗ್ ಹೋಗಬಹುದು. ಅಂಥ ಎಂಜಿನ್‌ಗೆ ಮಿನರಲ್ಲನ್ನೇ 2,000 ಕಿ.ಮೀ.ಗೊಮ್ಮೆ ಎರಡು ಸಲ ಬದಲಿಸಿ, ಪ್ರತಿ ಸಲ ಹೊಸ ಫಿಲ್ಟರ್. ಆಮೇಲೆ ಸಿಂಥೆಟಿಕ್.

ಬದಲಿಸುವ ದಿನ ಎಂಜಿನ್ ಹತ್ತು ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ಡ್ರೇನ್ ಬೋಲ್ಟ್ ಬಿಚ್ಚಿ 20 ನಿಮಿಷ ಸೋರಲು ಬಿಡಿ. ಹೊಸ ವಾಷರ್ ಹಾಕಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎರಡು ರಿಂಗ್ ಸೇರಿದರೆ ಆಯಿಲ್ಲೆಲ್ಲ ಹೊರಗೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೂತ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ಮೊದಲು 2.75 ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಐದು ನಿಮಿಷ ನಿಲ್ಲಿಸಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ ಸ್ವಲ್ಪಸ್ವಲ್ಪ ಸೇರಿಸಿ.

ಉತ್ತರ – ಕೋಥ್ರುಡ್, ಪುಣೆ
ಅಳಿದುಳಿದ ಮಿನರಲ್ ಜೊತೆ ಬೆರೆತರೆ ತೊಂದರೆಯಿಲ್ಲ. ಮೊದಲ 1,500 ಕಿ.ಮೀ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಡಬ್ಬಿಯಲ್ಲಿ ಏನೇ ಬರೆದಿರಲಿ, ನಿಂತು ನಿಂತು ಓಡುವ ಗಾಡಿಗೆ 8,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ. ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಯಲ್ಲಿ ಕೊಂಡರೂ ಸೀಲ್ ಒಡೆಯದ ಡಬ್ಬಿಯೇ ಇರಲಿ, ಬಿಡಿ ಆಯಿಲ್ ಬೇಡ.