ಟೈಪ್ ಮಾಡುವಾಗಲೇ ತಪ್ಪು ಹಿಡಿಯುವ ಚೆಕರ್ ತಾನೇ ಕೈಕೊಟ್ಟರೆ ಏನು ಮಾಡುತ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ

ನಮ್ಮ ಆಫೀಸಿನಲ್ಲಿ ಕಾನ್ಫಿಗ್ ಫೈಲ್ ಬರೆಯೋಕೆ ನಮ್ಮದೇ ಒಂದು ಸಣ್ಣ ಭಾಷೆ ಇದೆ. ಅದರ ಸಿಂಟ್ಯಾಕ್ಸ್ ನೋಡುವ ಕಮಾಂಡ್‌ಲೈನ್ ಟೂಲ್ ಕೂಡ ಇದೆ. ಅದನ್ನು ಈಮ್ಯಾಕ್ಸ್ ಎಡಿಟರಿನ ಫ್ಲೈಮೇಕ್‌ಗೆ (ಟೈಪ್ ಮಾಡುವಾಗಲೇ ತಪ್ಪು ತೋರಿಸುವ ಸೌಲಭ್ಯ) ಬ್ಯಾಕೆಂಡ್ ಆಗಿ, ಅಂದರೆ ಹಿಂದೆ ನಿಂತು ತಪ್ಪು ಹುಡುಕಿ ಕೊಡುವ ಭಾಗವಾಗಿ, ಜೋಡಿಸಿದ್ದೇನೆ. ತಪ್ಪಿದ್ದ ಸಾಲಿಗೆ ಕೆಂಪು ಗೆರೆ ಬರುತ್ತದೆ, ಅಲ್ಲಿಯವರೆಗೆ ಚೆನ್ನಾಗಿದೆ. ತೊಂದರೆ ಏನಂದರೆ, ಆ ಟೂಲ್ ಕೆಲವು ಸಲ ಅರ್ಧದಲ್ಲೇ ಸತ್ತುಹೋಗುತ್ತದೆ. ಆಗ ಗೆರೆಗಳೆಲ್ಲ ಮಾಯವಾಗಿ, ಫೈಲಿನಲ್ಲಿ ಏನೂ ತಪ್ಪಿಲ್ಲ ಅನ್ನೋ ಹಾಗೆ ಕಾಣುತ್ತದೆ. ಇನ್ನು ಕೆಲವು ಸಲ ಫ್ಲೈಮೇಕ್ ನನ್ನ ಬ್ಯಾಕೆಂಡನ್ನೇ ಬಂದ್ ಮಾಡಿಬಿಡುತ್ತದೆ, ಆಮೇಲೆ ಏನು ಟೈಪ್ ಮಾಡಿದರೂ ಸುದ್ದಿಯೇ ಇರುವುದಿಲ್ಲ. ನಮ್ಮ ಟೀಮಿನವರೂ ಇದನ್ನೇ ಬಳಸಬೇಕು ಅಂತಿದ್ದಾರೆ, ಅದಕ್ಕೇ ಸರಿಯಾಗಿ ಮಾಡೋಣ ಅಂತ. ಇಂಥದ್ದನ್ನು ಮಾಡಿದವರು ಯಾರಾದರೂ ಇದ್ದರೆ ಹೇಳಿ. ವಿಮ್ ಎಡಿಟರ್ ಬಳಸುವವರೂ ಹೇಳಬಹುದು.

ಉತ್ತರ 1

"ಫೈಲಿನಲ್ಲಿ ತಪ್ಪಿದೆ" ಅನ್ನುವುದು ಬೇರೆ, "ಚೆಕರ್ ಓಡಲೇ ಇಲ್ಲ" ಅನ್ನುವುದು ಬೇರೆ. ನಿಮ್ಮ ಬ್ಯಾಕೆಂಡ್ ಈ ಎರಡನ್ನೂ ಒಂದೇ ಬಾಗಿಲಿನಿಂದ ಕಳಿಸುತ್ತಿದೆ, ಅದೇ ಮೂಲ. ಫ್ಲೈಮೇಕ್‌ಗೆ ನೀವು ಖಾಲಿ ಪಟ್ಟಿ ಕೊಟ್ಟರೆ ಅದಕ್ಕೆ ಅರ್ಥ "ಪೂರ್ತಿ ನೋಡಿದೆ, ಒಂದೂ ತಪ್ಪಿಲ್ಲ" ಅಂತ. ಟೂಲ್ ಸತ್ತಾಗಲೂ ನೀವು ಔಟ್‌ಪುಟ್‌ನಲ್ಲಿ ಸಿಕ್ಕಿದ್ದನ್ನು ಹುಡುಕಿ, ಏನೂ ಸಿಗದೆ, ಅದೇ ಖಾಲಿ ಪಟ್ಟಿ ಕೊಡುತ್ತಿದ್ದೀರಿ. ಅದಕ್ಕೇ ಗೆರೆಗಳು ಮಾಯ.

ಇದನ್ನು ಬೇರೆ ಮಾಡೋಕೆ ಮೊದಲ ಆಸರೆ ಎಕ್ಸಿಟ್ ಕೋಡ್, ಅಂದರೆ ಟೂಲ್ ಮುಗಿಯುವಾಗ ಕೊಡುವ ಸಂಖ್ಯೆ. ಆದರೆ ಸೊನ್ನೆ ಅಲ್ಲದಿದ್ದರೆ ಎಲ್ಲಾ ಫೇಲ್ ಅಂತ ತಿಳಿಯಬೇಡಿ, ಒಂದೊಂದು ಟೂಲ್‌ನದ್ದು ಒಂದೊಂದು ರೀತಿ. ಜಾವಾಸ್ಕ್ರಿಪ್ಟ್ ಚೆಕರ್ ಇಎಸ್‌ಲಿಂಟ್ 1 ಕೊಟ್ಟರೆ ಕೋಡಿನಲ್ಲಿ ತಪ್ಪಿದೆ, 2 ಕೊಟ್ಟರೆ ಅದರ ಕಾನ್ಫಿಗ್ ಕೆಟ್ಟಿದೆ ಅಥವಾ ಅದೇ ಕ್ರ್ಯಾಶ್ ಆಗಿದೆ. ಶೆಲ್ ಸ್ಕ್ರಿಪ್ಟ್ ನೋಡುವ ಶೆಲ್‌ಚೆಕ್‌ನಲ್ಲಿ 1 ಅಂದರೆ ತಪ್ಪು ಸಿಕ್ಕಿದೆ, 2 ಅಂದರೆ ಫೈಲ್ ಓದಲಾಗಲಿಲ್ಲ, 3 ಮತ್ತು 4 ಅಂದರೆ ನಾವು ಅದನ್ನು ಕರೆದ ರೀತಿಯೇ ಸರಿಯಿಲ್ಲ. ಪೈಥಾನಿನ ಚೆಕರ್ ಪೈಲಿಂಟ್ ಇನ್ನೂ ವಿಚಿತ್ರ, ಬಿಟ್‌ಗಳನ್ನು ಕೂಡಿಸಿ ಕೊಡುತ್ತದೆ: ಫೇಟಲ್‌ಗೆ 1, ಎರರ್‌ಗೆ 2, ವಾರ್ನಿಂಗ್‌ಗೆ 4, ಹೀಗೆ ಮೇಲಕ್ಕೆ ಹೋಗಿ ತಪ್ಪಾಗಿ ಕರೆದರೆ 32. ನಿಮ್ಮ ಟೂಲ್ ನಿಮ್ಮದೇ ಆಗಿರುವುದರಿಂದ ಅದನ್ನು ಬರೆದವರ ಹತ್ತಿರ ಕೂತು, ತಪ್ಪು ಸಿಕ್ಕಿದರೆ 1, ತಾನೇ ಕೆಟ್ಟರೆ 2 ಅಂತ ಮಾಡಿಸಿಕೊಳ್ಳಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಎರಡನೇ ಆಸರೆ ಒಂದು ಸಣ್ಣ ಅನುಮಾನ. ಎಕ್ಸಿಟ್ ಕೋಡ್ ಸೊನ್ನೆ ಅಲ್ಲ, ಆದರೆ ಔಟ್‌ಪುಟ್‌ನಲ್ಲಿ ನಮಗೆ ಅರ್ಥವಾಗುವ ಒಂದು ಸಾಲೂ ಇಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ತಿಳಿಯಬೇಕು. ಫ್ಲೈಮೇಕ್‌ನಂಥದ್ದೇ ಇನ್ನೊಂದು ಈಮ್ಯಾಕ್ಸ್ ಪ್ಯಾಕೇಜ್ ಫ್ಲೈಚೆಕ್ ಇದನ್ನೇ ಮಾಡುತ್ತದೆ. ಚೆಕರ್ ಇಂಥ ಕೋಡ್ ಕೊಟ್ಟಿತು, ಆದರೆ ಔಟ್‌ಪುಟ್‌ನಲ್ಲಿ ಎರರ್ ಕಾಣಲಿಲ್ಲ ಅಂತ ಹೇಳಿ, ಟೂಲ್ ಉಗುಳಿದ್ದನ್ನು ಹಾಗೇ ಮುಂದಿಡುತ್ತದೆ. ಆ ಕಚ್ಚಾ ಔಟ್‌ಪುಟ್ ತೋರಿಸುವುದು ಬಹಳ ಮುಖ್ಯ. ನೋಡಿದ ಕೂಡಲೇ ಲೈಬ್ರರಿ ಸಿಗಲಿಲ್ಲವೋ, ಆಪ್ಷನ್ ಹಳೆಯದೋ ಅಂತ ಗೊತ್ತಾಗುತ್ತದೆ.

ಹಳೇ ಫ್ಲೈಮೇಕ್ ಬಳಸಿದವರಿಗೆ ನೆನಪಿರಬಹುದು. 2007ರ ಈಮ್ಯಾಕ್ಸ್ 22ರ ಜೊತೆ ಬಂದದ್ದು. ಸಿ ಫೈಲ್ ತೆರೆದರೆ ಮೇಕ್‌ಫೈಲ್‌ನಲ್ಲಿ (ಪ್ರೋಗ್ರಾಂ ಕಟ್ಟುವ ಮೇಕ್ ಟೂಲ್‌ಗೆ ಸೂಚನೆ ಬರೆದಿಡುವ ಫೈಲ್) ಚೆಕ್-ಸಿಂಟ್ಯಾಕ್ಸ್ ಅನ್ನೋ ಟಾರ್ಗೆಟ್ ಇರಬೇಕಿತ್ತು. ಇಲ್ಲದಿದ್ದರೆ ಮೇಕ್ ಎರರ್ ಕೋಡ್ ಕೊಟ್ಟು ನಿಲ್ಲುತ್ತಿತ್ತು, ಫ್ಲೈಮೇಕ್ ಅದನ್ನು ಕಾನ್ಫಿಗರೇಶನ್ ಎರರ್ ಅಂತ ಕರೆದು, ಟೈಪ್ ಮಾಡುತ್ತಿರುವವರ ಮುಖದ ಮುಂದೆ ಡೈಲಾಗ್ ಬಾಕ್ಸ್ ತಂದು ನಿಲ್ಲಿಸಿ, ತಾನು ಆಫ್ ಆಗಿಬಿಡುತ್ತಿತ್ತು. ಬೆರಳು ಕೀಬೋರ್ಡಿನ ಮೇಲೆ ಓಡುತ್ತಿರುವಾಗ ಡೈಲಾಗ್ ಬಂದರೆ ಎಷ್ಟು ಸಿಟ್ಟು ಬರುತ್ತದೆ ಅಲ್ವಾ? ಜನ ಅದರ ಒಳಗಿನ ಫಂಕ್ಷನ್‌ಗೆ ಅಡ್ವೈಸ್ ಹಾಕಿ (ಅಂದರೆ ಹೊರಗಿನಿಂದ ತಮ್ಮ ಕೋಡ್ ಅಂಟಿಸಿ), ಚೆಕ್ ಮಧ್ಯದಲ್ಲಿ ನಿಂತಿತು ಅಂತ ಸುಳ್ಳು ಹೇಳಿಸಿ, ಹೇಗೋ ಓಡಿಸುತ್ತಿದ್ದರು. 2018ರ ಈಮ್ಯಾಕ್ಸ್ 26ರಲ್ಲಿ ಜುವಾಂವ್ ತಾವೊರಾ ಅದನ್ನು ಹೊಸದಾಗಿ ಬರೆದ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಒಂದು ಬ್ಯಾಕೆಂಡ್ ಕೆಟ್ಟರೆ ಅದೊಂದನ್ನು ಮಾತ್ರ ಪಕ್ಕಕ್ಕಿಟ್ಟು, ಉಳಿದವು ಕೆಲಸ ಮಾಡುತ್ತವೆ. ಕಾರಣ ಲಾಗ್ ಬಫರಿಗೆ ಹೋಗುತ್ತದೆ. ಎಲ್ಲಾ ಬ್ಯಾಕೆಂಡೂ ಕೆಟ್ಟರೆ ಮೋಡ್‌ಲೈನ್‌ನಲ್ಲಿ (ಕಿಟಕಿಯ ಕೆಳಗಿನ ಸ್ಥಿತಿ ತೋರಿಸುವ ಸಾಲು) ಆಶ್ಚರ್ಯ ಚಿಹ್ನೆ, ಯಾವುದೂ ಇಲ್ಲದಿದ್ದರೆ ಪ್ರಶ್ನೆ ಚಿಹ್ನೆ, ಇನ್ನೂ ಉತ್ತರ ಬಂದಿಲ್ಲದಿದ್ದರೆ "ವೇಟ್".

ನಿಮ್ಮ ಬ್ಯಾಕೆಂಡ್ ಬಂದ್ ಆಗುತ್ತಿರುವುದಕ್ಕೆ ಕಾರಣ ಎರಡರಲ್ಲಿ ಒಂದು. ನಿಮ್ಮ ಫಂಕ್ಷನ್ ಒಳಗೇ ಲಿಸ್ಪ್ (ಈಮ್ಯಾಕ್ಸ್‌ನ ಭಾಷೆ) ಎರರ್ ಎದ್ದಿರಬೇಕು, ಇಲ್ಲವೇ ನೀವೇ ಪ್ಯಾನಿಕ್ (ಇನ್ನು ಮುಂದುವರಿಯಲಾರೆ) ಅಂತ ವರದಿ ಮಾಡಿರಬೇಕು. ನನ್ನ ರೂಢಿ ಹೀಗಿದೆ. ಟೂಲ್ ಇನ್‌ಸ್ಟಾಲ್ ಆಗಿಯೇ ಇಲ್ಲ ಅಂದರೆ ಮೊದಲ ಸಾಲಿನಲ್ಲೇ ಎರರ್ ಎತ್ತಿ, ಬಂದ್ ಆಗಲಿ, ಪ್ರತಿ ಅಕ್ಷರಕ್ಕೂ ಮತ್ತೆ ಮತ್ತೆ ಹುಡುಕಿ ಉಪಯೋಗ ಇಲ್ಲ. ಆದರೆ ಒಂದು ಸಲ ಕ್ರ್ಯಾಶ್ ಆಯಿತು ಅಂತ ಪ್ಯಾನಿಕ್ ಮಾಡಬೇಡಿ. ಅರ್ಧ ಬರೆದ ಸಾಲು ಪಾರ್ಸರನ್ನು ಬೀಳಿಸಿರಬಹುದು, ಮುಂದಿನ ಅಕ್ಷರಕ್ಕೆ ಸರಿಹೋಗಬಹುದು. ಆಗ ಫೈಲಿನ ಮೊದಲ ಸಾಲಿಗೆ "ಚೆಕರ್ ನಿಂತುಹೋಯಿತು" ಅಂತ ಒಂದೇ ಒಂದು ಎಚ್ಚರಿಕೆ ಹಾಕಿ, ಅದರಲ್ಲಿ ಎಕ್ಸಿಟ್ ಕೋಡ್ ಮತ್ತು ಔಟ್‌ಪುಟ್‌ನ ಮೊದಲ ಸಾಲು ಇರಲಿ. ಬಳಸುವವರಿಗೆ ಸುದ್ದಿ ತಲುಪುತ್ತದೆ, ಬ್ಯಾಕೆಂಡೂ ಬದುಕಿರುತ್ತದೆ. ಮೇಲಿಂದ ಮೇಲೆ ಬಿದ್ದರೆ ಆಗ ಪ್ಯಾನಿಕ್ ಮಾಡಿ. ಬಂದ್ ಆದದ್ದನ್ನು ಎಬ್ಬಿಸೋಕೆ ಫ್ಲೈಮೇಕ್ ಮೋಡನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು, ಇದನ್ನು ಟೀಮಿನವರಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು, ಹಳೇ ಪ್ರೋಸೆಸ್‌ಗಳ ವಿಷಯ. ಟೈಪಿಂಗ್ ನಿಂತು ಅರ್ಧ ಸೆಕೆಂಡ್ ಆದ ಮೇಲೆ ಫ್ಲೈಮೇಕ್ ಹೊಸ ಚೆಕ್ ಶುರು ಮಾಡುತ್ತದೆ. ಹಿಂದಿನದು ಇನ್ನೂ ಓಡುತ್ತಿದ್ದರೆ ಅದನ್ನು ಕೊಲ್ಲಿ. ಸೆಂಟಿನೆಲ್‌ನಲ್ಲಿ (ಪ್ರೋಸೆಸ್ ಮುಗಿದಾಗ ಓಡುವ ಫಂಕ್ಷನ್) "ಮುಗಿದಿರುವುದು ಈಗಿನ ಪ್ರೋಸೆಸ್ಸೇ?" ಅಂತ ಕೇಳಿ, ಅಲ್ಲದಿದ್ದರೆ ವರದಿ ಮಾಡದೆ ಲಾಗ್ ಬರೆದು ಬಿಟ್ಟುಬಿಡಿ. ನೀವೇ ಕೊಂದ ಪ್ರೋಸೆಸ್ಸನ್ನು ಕ್ರ್ಯಾಶ್ ಅಂತ ಲೆಕ್ಕ ಹಾಕಿದರೆ ಸುಮ್ನೆ ಗಾಬರಿ. ಟೂಲ್ ನೇತಾಡಿಕೊಂಡರೆ ಮೋಡ್‌ಲೈನ್ "ವೇಟ್"ನಲ್ಲೇ ನಿಲ್ಲುತ್ತದೆ, ಆದ್ದರಿಂದ ಕೊಲ್ಲುವ ಟೈಮರನ್ನು ನೀವೇ ಇಡಿ. ತಾತ್ಕಾಲಿಕ ಬಫರನ್ನು, ಏನೇ ಎರರ್ ಆದರೂ ಅಳಿಸಿಹೋಗುವ ಹಾಗೆ ಅನ್‌ವೈಂಡ್-ಪ್ರೊಟೆಕ್ಟ್ ಒಳಗೆ ಇಡಿ. ಮ್ಯಾನ್ಯುಯಲ್‌ನಲ್ಲಿ ರೂಬಿ ಬ್ಯಾಕೆಂಡಿನ ಉದಾಹರಣೆ ಇದೆ, ಇದೆಲ್ಲ ಅದರಲ್ಲಿ ಬರುತ್ತದೆ. ಅದನ್ನೇ ನಕಲು ಮಾಡಿ ಶುರು ಮಾಡಿ, ಧಾರಾಳವಾಗಿ.

ಉತ್ತರ 2

ವಿಮ್ ಕಡೆಯಿಂದ ಸ್ವಲ್ಪ. ಮೊದಲು ಸಿಂಟ್ಯಾಸ್ಟಿಕ್ ಅನ್ನೋ ಪ್ಲಗಿನ್ ಇತ್ತು, ಫೈಲ್ ಸೇವ್ ಮಾಡಿದಾಗ ಚೆಕರ್ ಮುಗಿಯುವವರೆಗೂ ಎಡಿಟರ್ ಅಲ್ಲಾಡುತ್ತಿರಲಿಲ್ಲ. 2016ರಲ್ಲಿ ವಿಮ್ 8ರ ಜೊತೆ ಜಾಬ್‌ಗಳು (ಹಿನ್ನೆಲೆಯಲ್ಲಿ ಓಡುವ ಕೆಲಸಗಳು) ಬಂದವು, ಅವನ್ನು ಬಳಸಿ ಏಲ್ ಅನ್ನೋ ಪ್ಲಗಿನ್ ಬಂತು, ಚೆಕರ್ ಹಿನ್ನೆಲೆಗೆ ಹೋಯಿತು. ಬರೆಯುವವರನ್ನು ತಡೆದು ನಿಲ್ಲಿಸುವ ಚೆಕರ್ ಎಷ್ಟು ಸರಿಯಾಗಿದ್ದರೂ ಜನ ಅದನ್ನು ತೆಗೆದುಹಾಕುತ್ತಾರೆ, ಇದು ನಾನು ಮತ್ತೆ ಮತ್ತೆ ನೋಡಿದ್ದು. ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಂತೂ ಇನ್ಸರ್ಟ್ ಮೋಡಿನಲ್ಲಿ (ಟೈಪ್ ಮಾಡುವ ಸ್ಥಿತಿ) ಇರುವಾಗ ಗೆರೆಗಳು ಹೊಸದಾಗಿ ಬದಲಾಗದ ಹಾಗೆ ಡಿಫಾಲ್ಟ್ ಇಟ್ಟಿದ್ದಾರೆ. ನನಗೆ ಅದೇ ಸರಿ ಅನಿಸುತ್ತದೆ. ಒಂದು ಕೋಟ್ ಚಿಹ್ನೆ ತೆರೆದ ಕೂಡಲೇ ಕೆಳಗಿನ ಫೈಲೆಲ್ಲ ಕೆಂಪಾದರೆ ಯಾರಿಗೆ ಬೇಕು?

ಎರರ್ ಜಾಸ್ತಿ ಬಂದಾಗ ಒಂದು ಮಿತಿಯೂ ಇರಲಿ. ಸಿ ಕಂಪೈಲರ್ ಆದ ಕ್ಲ್ಯಾಂಗ್, 20 ಎರರ್ ಆದ ಮೇಲೆ ನಿಲ್ಲಿಸುತ್ತದೆ. ಫ್ಲೈಚೆಕ್ 400 ದಾಟಿದರೆ ಆ ಚೆಕರನ್ನೇ ಆ ಬಫರಿಗೆ ಬಂದ್ ಮಾಡಿ ಹೇಳುತ್ತದೆ. ನಾನಾದರೆ ಬಂದ್ ಮಾಡುವುದಿಲ್ಲ, ಮೊದಲಿನ ಕೆಲವು ತೋರಿಸಿ "ಇನ್ನೂ ಇವೆ" ಅಂತ ಬಿಡುತ್ತೇನೆ. ಅಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಮೊದಲನೆಯದೇ ನಿಜವಾದ ತಪ್ಪು, ಉಳಿದದ್ದೆಲ್ಲ ಅದರ ಬಾಲ.

ಉತ್ತರ 3

ನಿಮ್ಮ ಕಾನ್ಫಿಗ್ ಫೈಲಿನಲ್ಲಿ ಕನ್ನಡ ಇರುತ್ತದಾ? ಕಾಮೆಂಟಿನಲ್ಲೋ, ಬಳಕೆದಾರರಿಗೆ ತೋರಿಸುವ ಪಠ್ಯದಲ್ಲೋ? ಇದ್ದರೆ ಕಾಲಂ ಲೆಕ್ಕ (ತಪ್ಪು ಸಾಲಿನ ಎಷ್ಟನೇ ಸ್ಥಾನದಲ್ಲಿದೆ ಅನ್ನುವುದು) ನೋಡಿಕೊಳ್ಳಿ. ನಾವು ಕನ್ನಡ ಸ್ಟ್ರಿಂಗ್‌ಗಳು ತುಂಬಿದ ಫೈಲ್‌ಗಳಲ್ಲಿ ಕೆಲಸ ಮಾಡುತ್ತೇವೆ, ಗೆರೆ ಯಾವಾಗಲೂ ತಪ್ಪಿನ ಬಲಕ್ಕೆ ಎಲ್ಲೋ ಬೀಳುತ್ತಿತ್ತು.

"ಕನ್ನಡ" ಅನ್ನೋ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ, ಒಟ್ಟು 5. ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಟೂಲ್ ಬೈಟ್ ಎಣಿಸಿ ಕಾಲಂ ಕೊಟ್ಟರೆ, ಎಡಿಟರ್ ಅದನ್ನು ಅಕ್ಷರ ಅಂತ ತಿಳಿದರೆ, ಆ ಒಂದು ಪದದಿಂದಲೇ ಗೆರೆ 10 ಸ್ಥಾನ ಆಚೆ ಹೋಗುತ್ತದೆ. ಸಾಲು ಚಿಕ್ಕದಾದರೆ ಸಾಲಿನ ಕೊನೆಯನ್ನೂ ದಾಟುತ್ತದೆ, ಆಗ ಜಾಗ ಸಿಗದೆ ಆ ಎರರ್ ಕಳೆದೇ ಹೋಗಬಹುದು.

ಯಾವ ಟೂಲ್ ಏನು ಎಣಿಸುತ್ತದೆ ಅನ್ನುವುದು ನೋಡಿಯೇ ತಿಳಿಯಬೇಕು. ಸಿ ಕಂಪೈಲರ್ ಜಿಸಿಸಿ, 11ನೇ ಆವೃತ್ತಿಗಿಂತ ಮುಂಚೆ ಬೈಟ್ ಎಣಿಸುತ್ತಿತ್ತು, 11ರಿಂದ ಪರದೆಯ ಮೇಲಿನ ಅಗಲ ಎಣಿಸುತ್ತದೆ, ಬೇಕಾದರೆ ಆಪ್ಷನ್ ಕೊಟ್ಟು ಬೈಟಿಗೆ ಬದಲಿಸಬಹುದು. ಪೈಥಾನಿನ ಎಎಸ್‌ಟಿ (ಕೋಡನ್ನು ಬಿಡಿಸಿದ ಮರದಂಥ ರಚನೆ) ಕೊಡುವ ಕಾಲಂ ಯುಟಿಎಫ್-8 ಬೈಟ್. ಎಲ್‌ಎಸ್‌ಪಿ (ಎಡಿಟರ್ ಮತ್ತು ಭಾಷೆ ಪರೀಕ್ಷಿಸುವ ಸರ್ವರ್ ಮಾತಾಡುವ ನಿಯಮ) ಮಾಮೂಲಿಯಾಗಿ ಯುಟಿಎಫ್-16 ಘಟಕ ಎಣಿಸುತ್ತದೆ, 2022ರ 3.17 ಆವೃತ್ತಿಯಿಂದ ಎಡಿಟರ್ ಮತ್ತು ಸರ್ವರ್ ಮಾತಾಡಿಕೊಂಡು ಬೇರೆಯದನ್ನೂ ಆರಿಸಬಹುದು. ಅಲ್ಲಿ ಕನ್ನಡಕ್ಕೆ ತೊಂದರೆ ಕಮ್ಮಿ, ಒಂದು ಸಂಕೇತಕ್ಕೆ ಒಂದೇ ಘಟಕ. ಎಮೋಜಿ ಬಂದರೆ ಎರಡು.

ಈಮ್ಯಾಕ್ಸ್‌ನಲ್ಲಿ ಇದಕ್ಕೆ ಹೆಚ್ಚು ಕಷ್ಟ ಇಲ್ಲ. ಸಾಲಿನ ಶುರುವಿನ ಬೈಟ್ ಸ್ಥಾನ ತೆಗೆದುಕೊಂಡು, ಟೂಲ್ ಹೇಳಿದ ಕಾಲಂನಲ್ಲಿ ಒಂದು ಕಳೆದು ಕೂಡಿಸಿ, ಬೈಟ್‌ನಿಂದ ಬಫರ್ ಸ್ಥಾನಕ್ಕೆ ಬದಲಿಸುವ ಫಂಕ್ಷನ್‌ಗೆ ಕೊಟ್ಟರೆ ಸರಿಯಾದ ಜಾಗ ಸಿಗುತ್ತದೆ. ಸಾಲಿನ ನಂಬರಿಗೂ ಬೇಲಿ ಹಾಕಿ: ಫೈಲ್ ಮುಗಿದ ಆಚೆಯ ಸಾಲು ಹೇಳಿದರೆ ಕೊನೆಯ ಸಾಲು, ಸೊನ್ನೆ ಹೇಳಿದರೆ ಮೊದಲ ಸಾಲು.

ಅಂದಹಾಗೆ, ಟೂಲನ್ನು ಕರೆಯುವಾಗ ಎಲ್‌ಸಿ-ಆಲ್ (ಟೂಲ್ ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನೋ ಸೆಟ್ಟಿಂಗ್) ಅನ್ನು "ಸಿ" ಅಂತ ಇಡುವುದು ಒಳ್ಳೆಯದು. ಯಾರದೋ ಮಷಿನ್‌ನಲ್ಲಿ ಲೋಕೇಲ್ ಬೇರೆ ಇದ್ದು "ಎರರ್" ಅನ್ನೋ ಪದವೇ ಅನುವಾದವಾಗಿ ಬಂದರೆ ನಿಮ್ಮ ರೆಜೆಕ್ಸ್‌ಗೆ (ಪಠ್ಯ ಹುಡುಕುವ ಮಾದರಿ) ಒಂದೂ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎಕ್ಸಿಟ್ ಕೋಡ್ ಬದಲಿಸೋಕೆ ಟೂಲ್ ಬರೆದವರು ಒಪ್ಪಿದ್ದಾರೆ. ಕಾಮೆಂಟುಗಳಲ್ಲಿ ಕನ್ನಡ ಇದೆ, ಕಾಲಂ ಕೂಡ ನೋಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ನಮ್ಮ ಭಾಷೆಯಲ್ಲಿ "ಈ ಸ್ಕ್ರಿಪ್ಟ್ ಓಡಿಸಿ ಬೆಲೆ ತಗೋ" ಅನ್ನೋ ಸೌಲಭ್ಯ ಇದೆ, ಚೆಕರ್ ಅದನ್ನೂ ಓಡಿಸುತ್ತದೆ. ತೊಂದರೆ ಆಗುತ್ತದಾ?

ಉತ್ತರ 1

ಆಗುತ್ತದೆ, ದಯವಿಟ್ಟು ಅದನ್ನು ನಿಲ್ಲಿಸಿ. ಕಂಪೈಲ್ ಬಟನ್ ಒತ್ತುವವರಿಗೆ ತಾವು ಏನನ್ನೋ ಓಡಿಸುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ, ಫೈಲ್ ತೆರೆದರೆ ಸಾಕು, ಚೆಕರ್ ತಾನಾಗಿ ಶುರುವಾಗುತ್ತದೆ. ಪರ್ಲ್ ಭಾಷೆಯಲ್ಲಿ ಬರೀ ಸಿಂಟ್ಯಾಕ್ಸ್ ನೋಡು ಅಂದರೂ ಬಿಗಿನ್ ಬ್ಲಾಕ್‌ಗಳು (ಎಲ್ಲಕ್ಕಿಂತ ಮೊದಲು ಓಡಲಿ ಅಂತ ಬರೆದ ಕೋಡ್) ಓಡುತ್ತವೆ. ಈಮ್ಯಾಕ್ಸ್‌ನ ಲಿಸ್ಪ್ ಚೆಕರ್‌ಗೂ ಇದೇ ಗತಿಯಾಯಿತು. ಅದು ಫೈಲನ್ನು ಬೈಟ್ ಕಂಪೈಲ್ ಮಾಡುವಾಗ ಮ್ಯಾಕ್ರೋಗಳನ್ನು (ಕೋಡ್ ಬರೆದುಕೊಡುವ ಕೋಡ್) ಬಿಡಿಸುತ್ತದೆ, ಬಿಡಿಸುವುದು ಅಂದರೆ ಆ ಕೋಡನ್ನು ಓಡಿಸುವುದೇ. ಅದಕ್ಕೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-53920 ಅಂತ ನಂಬರ್ ಕೂಡ ಬಂತು. 2025ರ ಈಮ್ಯಾಕ್ಸ್ 30.1ರಲ್ಲಿ ಸರಿಪಡಿಸಿದರು: ಯಾವ ಫೈಲ್, ಯಾವ ಫೋಲ್ಡರ್ ನಂಬಿಕೆಯದು ಅಂತ ಬಳಸುವವರೇ ಒಂದು ಪಟ್ಟಿಯಲ್ಲಿ ಹೇಳಬೇಕು, ಹೇಳದಿದ್ದರೆ ಆ ಬ್ಯಾಕೆಂಡ್ ಓಡುವುದಿಲ್ಲ.

ನಿಮ್ಮ ಟೂಲ್‌ಗೆ ಸ್ಕ್ರಿಪ್ಟ್ ಓಡಿಸದ ಒಂದು ಆಪ್ಷನ್ ಸೇರಿಸಿ, ಎಡಿಟರಿನಿಂದ ಯಾವಾಗಲೂ ಅದನ್ನೇ ಕೊಡಿ. ಸ್ಕ್ರಿಪ್ಟ್‌ನ ಬೆಲೆ ಬೇಕಿದ್ದ ಸಾಲಿಗೆ ಎರರ್ ಬೇಡ, "ಇದನ್ನು ಇಲ್ಲಿ ಪರೀಕ್ಷಿಸಿಲ್ಲ" ಅಂತ ತೆಳು ಬಣ್ಣದ ನೋಟ್ ಹಾಕಿ. ಪೂರ್ತಿ ಪರೀಕ್ಷೆ ಬೇಕಾದವರಿಗೆ ಬೇರೆ ಕಮಾಂಡ್ ಇರಲಿ, ಅವರೇ ಕರೆಯಲಿ. ಬ್ಯಾಕೆಂಡ್ ತಯಾರಾದ ಮೇಲೆ ಇಲ್ಲಿ ಹಾಕಿ, ಸೆಂಟಿನೆಲ್ ಭಾಗವನ್ನು ನಾನು ಓದಿ ಹೇಳುತ್ತೇನೆ.