ಇಮೇಜಿಂಗ್ ಮುಗಿಸಿದ ತಂಗಿಗೆ ಮೊದಲ ಕೆಲಸ: ಸಂಬಳ ನೋಡಬೇಕಾ, ಮೆಷಿನ್ ನೋಡಬೇಕಾ?

ಮಧುಗಿರಿಯಿಂದ ಕೇಳುತ್ತಿರುವವರು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಪಿಯುಸಿ ಸೈನ್ಸ್ ಆದಮೇಲೆ ತುಮಕೂರಿನಲ್ಲಿ ಡಿಎಂಐಟಿ, ಅಂದರೆ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಮುಗಿಸಿದ್ದಾಳೆ. ಈಗ ಎರಡು ಕಡೆ ಬಾ ಅಂದಿದ್ದಾರೆ. ಒಂದು ತುಮಕೂರಿನ ಡಯಾಗ್ನೋಸ್ಟಿಕ್ ಸೆಂಟರ್, ತಿಂಗಳಿಗೆ 15,000, ಬರೀ ಎಕ್ಸ್‌ರೇ. ಇನ್ನೊಂದು ದೊಡ್ಡ ಟೀಚಿಂಗ್ ಆಸ್ಪತ್ರೆ, 12,000 ಮಾತ್ರ, ಆದರೆ ಆರು ತಿಂಗಳಾದಮೇಲೆ ಸಿಟಿ ಸ್ಕ್ಯಾನ್, ಎಂಆರ್‌ಐಗೂ ಹಾಕುತ್ತೇವೆ ಅನ್ನುತ್ತಾರೆ. ಅವಳ ಓದಿಗೆ ಸಾಲ ಮಾಡಿದ್ದೇವೆ, ಕಡಲೆಕಾಯಿ ಬೆಳೆ ನಂಬಿಕೊಂಡಿರೋ ಮನೆ. ಮೂರು ಸಾವಿರ ನಮಗೆ ಸಣ್ಣ ದುಡ್ಡಲ್ಲ. ಬೆಂಗಳೂರಿಗೆ ಹೋದರೆ 25,000 ಕೊಡುತ್ತಾರೆ ಅಂತ ಅವಳ ಕ್ಲಾಸಿನವಳೊಬ್ಬಳು ಹೇಳಿದ್ದಾಳೆ. ಅಲ್ಟ್ರಾಸೌಂಡ್ ಕಲಿತುಬಿಟ್ಟರೆ ಎರಡರಷ್ಟು ಸಿಗುತ್ತೆ ಅಂತ ಇನ್ನೊಬ್ಬರು. ಈ ಕೆಲಸದಲ್ಲಿ ಇರುವವರು ನಿಜವಾದ ಸಂಬಳ ಎಷ್ಟು, ಅದು ಯಾವುದರ ಮೇಲೆ ಏರುತ್ತೆ ಅಂತ ದಯವಿಟ್ಟು ತಿಳಿಸಿ.

ಕೋಲಾರ, ಸಿಟಿ ಟೆಕ್ನಿಷಿಯನ್:

ನಾನು 2011ರಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ 5,500ಕ್ಕೆ ಸೇರಿದವನು. ಈಗ ಕೈಗೆ 34,000 ಬರುತ್ತೆ, ಕೋಲಾರದಲ್ಲೇ. ಈ ನಡುವೆ ಸಂಬಳ ನಿಜವಾಗಿ ಜಿಗಿದದ್ದು ಎರಡು ಸಲ. ಎಕ್ಸ್‌ರೇ ರೂಮಿಂದ ಸಿಟಿಗೆ ಹೋದಾಗ ಒಂದು ಸಲ, ಕಾಂಟ್ರಾಸ್ಟ್ (ಒಳಗಿನ ಭಾಗ ಎದ್ದು ಕಾಣಲಿ ಅಂತ ಚುಚ್ಚುವ ಔಷಧಿ) ಕೇಸುಗಳನ್ನು ಒಬ್ಬನೇ ನಿಭಾಯಿಸಬಲ್ಲೆ ಅಂತ ಡಾಕ್ಟರಿಗೆ ನಂಬಿಕೆ ಬಂದಮೇಲೆ ಇನ್ನೊಂದು ಸಲ. ಮಿಕ್ಕ ವರ್ಷಗಳಲ್ಲಿ ಐನೂರು, ಸಾವಿರ, ಅಷ್ಟೇ.

ಇದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆಗಳಲ್ಲಿ ರಾತ್ರಿ ಹೊತ್ತು ಸೆಂಟರ್‌ನಲ್ಲಿ ರೇಡಿಯಾಲಜಿಸ್ಟ್ ಇರೋದು ಅಪರೂಪ. ಇಮೇಜ್‌ಗಳು ಬೆಂಗಳೂರಿಗೆ ಹೋಗುತ್ತವೆ, ರಿಪೋರ್ಟ್ ಅಲ್ಲಿಂದ ಬರುತ್ತೆ. ಮುಳಬಾಗಿಲು ಕಡೆ ಹೈವೇಯಲ್ಲಿ ಆಕ್ಸಿಡೆಂಟ್ ಆಗಿ ತಲೆಗೆ ಪೆಟ್ಟು ಬಿದ್ದವರನ್ನು ಎರಡು ಗಂಟೆ ರಾತ್ರಿಯಲ್ಲಿ ಕರೆತಂದಾಗ ಮೆಷಿನ್ ಮುಂದೆ ಇರುವವರು ನಾವೇ. ತಲೆ ಜೊತೆ ಕುತ್ತಿಗೆಯನ್ನೂ ತೆಗೀಬೇಕಾ, ರೋಗಿ ಅಲ್ಲಾಡಿದರೆ ಯಾವ ಭಾಗ ಮತ್ತೆ ತೆಗೀಬೇಕು, ಕಾಂಟ್ರಾಸ್ಟ್ ಕೊಡೋ ಮುಂಚೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿದ್ದಾರಾ, ಅಲರ್ಜಿ ಕೇಳಿದ್ದಾರಾ, ಇಂಜೆಕ್ಟರ್ ಬಿಟ್ಟಮೇಲೆ ಎಷ್ಟು ಸೆಕೆಂಡಿಗೆ ಸ್ಕ್ಯಾನ್ ಶುರು ಮಾಡಬೇಕು, ಇವೆಲ್ಲ ಗೊತ್ತಿರುವವರು ಸಿಗೋದು ಕಷ್ಟ. ಹಾಗಾಗಿ ಅವರನ್ನು ಬಿಡೋಕೆ ಆಸ್ಪತ್ರೆಗೆ ಮನಸ್ಸು ಬರಲ್ಲ. ಬರೀ ಎದೆ, ಮಂಡಿ, ಸೊಂಟದ ಎಕ್ಸ್‌ರೇ ತೆಗೆಯುವವರು ಕೆಲಸ ಬಿಟ್ಟರೆ ಮಾರನೇ ವಾರ ಇನ್ನೊಬ್ಬರು ಬರುತ್ತಾರೆ.

ನಿಮ್ಮ ತಂಗಿಯನ್ನು 12,000ದ ಕಡೆಗೇ ಕಳಿಸಿ ಅಣ್ಣ. ಆದರೆ ಸಿಟಿಗೆ ಹಾಕುತ್ತೇವೆ ಅನ್ನೋದನ್ನು ಬಾಯಿಮಾತಲ್ಲಿ ಬಿಡಬೇಡಿ. ಅಲ್ಲಿ ಈಗಾಗಲೇ ಒಂದು ವರ್ಷ ಮುಗಿಸಿದವರು ಯಾರಾದರೂ ಇದ್ದರೆ ಅವರು ಯಾವ ರೂಮಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ವಿಚಾರಿಸಿ. ಅವರಿನ್ನೂ ಎಕ್ಸ್‌ರೇಯಲ್ಲೇ ಇದ್ದರೆ ನಿಮ್ಮ ತಂಗಿಯೂ ಅಲ್ಲೇ ಇರುತ್ತಾಳೆ.

ಗೌರಿಬಿದನೂರು, ಸಣ್ಣ ಸೆಂಟರ್ ನಡೆಸುವವರು:

ಕೊಡುವವರ ಕಡೆಯಿಂದಲೂ ಒಂದು ಮಾತು ಹೇಳುತ್ತೇನೆ, ಲೆಕ್ಕ ಗೊತ್ತಾದರೆ ಕೇಳೋಕೆ ಅನುಕೂಲ. ನಮ್ಮಲ್ಲಿ ಒಂದು ಎಕ್ಸ್‌ರೇಗೆ 300ರಿಂದ 400. ದಿನಕ್ಕೆ ಹದಿನೈದು ಇಪ್ಪತ್ತು ಬಂದರೆ ಒಳ್ಳೆಯ ದಿನ. ಅದರಲ್ಲಿ ಡಿಆರ್ (ಡಿಜಿಟಲ್ ಎಕ್ಸ್‌ರೇ) ಮೆಷಿನ್ ಕಂತು, ಬಾಡಿಗೆ, ಕರೆಂಟು, ರಿಪೋರ್ಟಿಂಗ್ ಫೀಸು, ಸರ್ವೀಸ್ ಕಾಂಟ್ರಾಕ್ಟ್ ಎಲ್ಲ ಹೋಗಬೇಕು. ಹೊಸಬರಿಗೆ 13ರಿಂದ 15 ಸಾವಿರಕ್ಕಿಂತ ಮೇಲೆ ಏರಿಸೋಕೆ ಎಕ್ಸ್‌ರೇ ಒಂದರಲ್ಲಿ ಜಾಗ ಇಲ್ಲ. ಸಿಟಿ ಇರೋ ಕಡೆ ಒಂದು ಸ್ಕ್ಯಾನ್ ಸಾವಿರಗಳ ಲೆಕ್ಕ, ಅಲ್ಲಿ ಸಂಬಳಕ್ಕೂ ಜಾಗ ಇರುತ್ತೆ.

ಆದರೂ ನಾನು ನಮ್ಮ ಹುಡುಗನಿಗೆ ಎರಡು ವರ್ಷದಲ್ಲಿ 19,000 ಮಾಡಿದೆ. ಅವನು ತೆಗೆದ ಪ್ಲೇಟು ವಾಪಸ್ ಬರಲ್ಲ. ಮೂಳೆ ಡಾಕ್ಟರು ಫೋನ್ ಮಾಡಿ ಅವನನ್ನೇ ಕೇಳುತ್ತಾರೆ. ವಯಸ್ಸಾದವರನ್ನು ಗದರಿಸದೆ ಮಲಗಿಸುತ್ತಾನೆ. ಮಷೀನ್ ಎರರ್ ತೋರಿಸಿದರೆ ಇಂಜಿನಿಯರ್ ಜೊತೆ ಫೋನಲ್ಲೇ ಮಾತಾಡಿ ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಾನೆ, ನನಗೆ ಒಂದು ದಿನದ ಕೆಲಸ ಉಳಿಯುತ್ತೆ. ಇಂಥ ಗುಣಕ್ಕೆ ಸರ್ಟಿಫಿಕೇಟ್‌ನಲ್ಲಿ ಕಾಲಂ ಇಲ್ಲ, ಆದರೆ ಸಣ್ಣ ಊರಲ್ಲಿ ಸಂಬಳ ಏರೋದು ಇದರಿಂದಲೇ.

ತುಮಕೂರಿನಿಂದ ಬೆಂಗಳೂರಿಗೆ ಓಡಾಡುವ ಎಂಆರ್‌ಐ ಟೆಕ್ನಾಲಜಿಸ್ಟ್:

25,000 ಅಂತ ಹೇಳಿದವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ. ಅದು ಸಿಟಿಸಿ, ಅಂದರೆ ಕಂಪನಿಗೆ ಆಗುವ ಒಟ್ಟು ಖರ್ಚು. ಬೇಸಿಕ್ 15,000 ಇಟ್ಟರೆ ಮಾಲೀಕರ ಪಾಲಿನ ಪಿಎಫ್ 1,800ನ್ನೂ ಅದರಲ್ಲೇ ಸೇರಿಸಿರುತ್ತಾರೆ, ನಮ್ಮ ಪಾಲು ಇನ್ನೊಂದು 1,800. ಕೈಗೆ 21,400. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ ಅಂತಲೂ ಕೇಳಿಕೊಳ್ಳಿ, ಇಲ್ಲದಿದ್ದರೆ ಮನೆಯವರ ಆಸ್ಪತ್ರೆ ಖರ್ಚಿಗೆ ಬೇರೆ ದಾರಿ ನೋಡಬೇಕು. ಪಿಜಿಗೆ ಊಟ ಸೇರಿ 8,000 ಕೊಟ್ಟರೆ ಉಳಿಯೋದು 13,000ದ ಸುತ್ತಮುತ್ತ. ತುಮಕೂರಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು 15,000 ತಗೊಂಡರೂ ಹತ್ತಿರಹತ್ತಿರ ಅಷ್ಟೇ ಉಳಿಯುತ್ತೆ. ಹೊಸಬರಿಗೆ ಬೆಂಗಳೂರಲ್ಲಿ 25,000 ಸಿಗೋದೂ ಡಿಗ್ರಿ ಇದ್ದವರಿಗೆ ಜಾಸ್ತಿ, ಡಿಪ್ಲೊಮಾಗೆ ನನ್ನ ಜೊತೆಯವರು ಶುರು ಮಾಡಿದ್ದು 17, 18 ಸಾವಿರದಲ್ಲಿ.

ನನ್ನ ವಿಷಯಕ್ಕೆ ಬಂದರೆ, ಮೂರು ವರ್ಷ ತುಮಕೂರಲ್ಲೇ ಸಿಟಿ, ಎಂಆರ್‌ಐ ಕಲಿತು ಆಮೇಲೆ ಹೋದೆ. ಈಗ 38,000 ಕೈಗೆ. ಬೆಳಿಗ್ಗೆ ರೈಲಿಗೆ ಸೀಸನ್ ಪಾಸ್ ಇದೆ, ಬಸ್ಸಿಗಿಂತ ಎಷ್ಟೋ ಅಗ್ಗ. ಸುಮಾರು 70 ಕಿಲೋಮೀಟರ್. ಶಿಫ್ಟ್ ಬದಲಾದ ವಾರ ಕಷ್ಟ, ಅದನ್ನು ಮುಚ್ಚಿಡಲ್ಲ. ಎಂಆರ್‌ಐಗೆ ಹೆಚ್ಚು ಕೊಡೋದು ಯಾಕೆ ಅಂದರೆ ಒಂದು ಕೇಸಿಗೆ ಅರ್ಧ ಗಂಟೆ ಹಿಡಿಯುತ್ತೆ, ಒಂದು ಸೀಕ್ವೆನ್ಸ್ (ಒಂದು ಸುತ್ತಿನ ಚಿತ್ರಗಳು) ಕೆಟ್ಟರೆ ಅದನ್ನು ಮತ್ತೆ ಮಾಡಬೇಕು. ಅದಕ್ಕಿಂತ ಮುಖ್ಯ, ಮ್ಯಾಗ್ನೆಟ್ ಯಾವಾಗಲೂ ಆನ್ ಇರುತ್ತೆ. ಪೇಸ್‌ಮೇಕರ್ ಇರುವವರನ್ನು ಕೇಳದೆ ಒಳಗೆ ಬಿಟ್ಟರೆ, ವಾರ್ಡ್ ಬಾಯ್ ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಬಂದುಬಿಟ್ಟರೆ ಪ್ರಾಣ ಹೋಗುತ್ತೆ. ಬಾಗಿಲಲ್ಲಿ ತಡೆಯೋದು ನಮ್ಮ ಕೆಲಸ.

ಒಂದು ಮಾತಿಗೆ ಮಾತ್ರ ಕೋಲಾರದ ಸರ್ ಜೊತೆ ನನ್ನ ಒಪ್ಪಿಗೆ ಇಲ್ಲ. ಸಾಲ ಇರುವ ಮನೆಯವರಿಗೆ 12,000ಕ್ಕೆ ಸೇರಿ ಅಂತ ಸುಮ್ಮನೆ ಹೇಳಬಾರದು. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡಿದೆ, ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆ ಆಗುತ್ತೆ. ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ತುಮಕೂರಿನ ವಲಯಕ್ಕೆ, ಟೆಕ್ನಿಷಿಯನ್ ದರ್ಜೆಗೆ ಎಷ್ಟಿದೆ ಅಂತ ನೋಡಿ, ಅದನ್ನು ಹಿಡಿದುಕೊಂಡು ಮಾತಾಡಿ. ತರಬೇತಿ ಅನ್ನೋ ಹೆಸರಲ್ಲಿ ಅರ್ಹತೆ ಇರೋ ಹುಡುಗಿಯನ್ನು ಕಡಿಮೆಗೆ ದುಡಿಸಿಕೊಳ್ಳೋದು ಸರಿಯಲ್ಲ.

ಚಿಂತಾಮಣಿ, ತಾಲ್ಲೂಕಿನಲ್ಲಿ ಗುತ್ತಿಗೆ ಮೇಲೆ ಇರುವವರು:

ಹೆಣ್ಣುಮಕ್ಕಳ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ) ಇರೋ ಕಡೆ ಹೆಣ್ಣು ಟೆಕ್ನಿಷಿಯನ್ ಬೇಕೇ ಬೇಕು ಅನ್ನುತ್ತಾರೆ, ಅದು ನಮ್ಮ ಕೈಗೆ ಬಲ. ನೈಟ್ ಡ್ಯೂಟಿ ಒಪ್ಪಿದರೆ ಕೆಲವು ಕಡೆ ಭತ್ಯೆ ಇದೆ, ಕೆಲವು ಕಡೆ ಬರೀ ಒಂದು ದಿನ ಆಫ್. ವಾಹನ ಬಿಡುತ್ತಾರಾ, ರಾತ್ರಿ ಇನ್ನೊಬ್ಬರು ಜೊತೆಗಿರುತ್ತಾರಾ ಅಂತ ಸೇರೋ ಮುಂಚೆ ಕೇಳಬೇಕು.

ರೇಡಿಯೇಷನ್ ವಿಷಯದಲ್ಲಿ ನಾಚಿಕೆ ಬೇಡ. ಎಇಆರ್‌ಬಿ (ಕೇಂದ್ರದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮದ ಪ್ರಕಾರ ನಮ್ಮ ಮೈಗೆ ಬೀಳುವ ರೇಡಿಯೇಷನ್ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು. ಗರ್ಭಿಣಿ ಅಂತ ಗೊತ್ತಾದ ಕೂಡಲೇ ತಿಳಿಸಿದರೆ ಉಳಿದ ತಿಂಗಳುಗಳಲ್ಲಿ ಮಗುವಿಗೆ 1 ಮಿಲಿಸೀವರ್ಟ್ ದಾಟದ ಹಾಗೆ ಕೆಲಸ ಕೊಡಬೇಕು. ಅದಕ್ಕೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ರೇಡಿಯೇಷನ್ ಅಳೆಯುವ ಬ್ಯಾಡ್ಜ್) ನಿಮ್ಮ ತಂಗಿಯ ಹೆಸರಲ್ಲೇ ಇರಬೇಕು. ನಾನು ಮೊದಲು ಕೆಲಸ ಮಾಡಿದ ಒಂದು ಸೆಂಟರ್‌ನಲ್ಲಿ ಬ್ಯಾಡ್ಜ್‌ಗಳನ್ನು ಡ್ರಾಯರ್‌ನಲ್ಲಿಟ್ಟು ಮೂರು ತಿಂಗಳಿಗೊಮ್ಮೆ ಹಾಗೇ ರೀಡಿಂಗ್‌ಗೆ ಕಳಿಸುತ್ತಿದ್ದರು, ಕೇಳಿದರೆ ಕೋಪ. ಅಲ್ಲಿ ನಾಲ್ಕು ಸಾವಿರ ಜಾಸ್ತಿ ಕೊಡುತ್ತಿದ್ದರು, ಆದರೂ ಬಿಟ್ಟೆ.

ಗುತ್ತಿಗೆ ಕೆಲಸದಲ್ಲಿ ನನಗೆ 18,000 ಚಿಲ್ಲರೆ. ಪಕ್ಕದ ಕುರ್ಚಿಯಲ್ಲಿ ಅದೇ ಕೆಲಸ ಮಾಡುವ ಕಾಯಂ ನೌಕರರಿಗೆ ಎರಡರಷ್ಟಕ್ಕಿಂತ ಮೇಲೆ. ಸಂಬಳ ಎರಡು ಮೂರು ತಿಂಗಳು ತಡ ಆಗೋದೂ ಉಂಟು. ಇದನ್ನು ತಿಳಿದುಕೊಂಡೇ ಬರಬೇಕು.

ಶಿರಾ, ರೇಡಿಯಾಲಜಿ ವಿಭಾಗದಲ್ಲಿರುವವರು:

ಅಲ್ಟ್ರಾಸೌಂಡ್ ಮಾತು ಎತ್ತಿದವರನ್ನು ದೂರ ಇಡಿ. ಗರ್ಭದಲ್ಲಿ ಲಿಂಗಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಸ್ಕ್ಯಾನ್ ಮಾಡಬೇಕಾದವರು ಅರ್ಹತೆ ಇರುವ, ಆ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಿದ ಡಾಕ್ಟರು. ಟೆಕ್ನಿಷಿಯನ್ ಪ್ರೋಬ್ ಹಿಡಿದರೆ ಮೆಷಿನ್ ಸೀಲ್ ಆಗುತ್ತೆ, ಕೇಸು ಹುಡುಗಿಯ ಮೇಲೂ ಬೀಳುತ್ತೆ. ಹೊರದೇಶದಲ್ಲಿ ಸೋನೋಗ್ರಾಫರ್ ಅಂತ ಬೇರೆ ವೃತ್ತಿ ಇದೆ, ಅದನ್ನು ನೋಡಿ ಇಲ್ಲಿ ಹೇಳುತ್ತಾರೆ. ಎರಡರಷ್ಟು ಕೊಡುತ್ತೇವೆ ಅಂದವರು ಯಾಕೆ ಕೊಡುತ್ತಾರೆ ಅಂತ ಯೋಚಿಸಿ.

ಕೋಲಾರ, ನಿವೃತ್ತ ಸರ್ಕಾರಿ ಎಕ್ಸ್‌ರೇ ಟೆಕ್ನಿಷಿಯನ್:

ಡಾರ್ಕ್‌ರೂಮಿನಲ್ಲಿ ಡೆವಲಪರ್, ಫಿಕ್ಸರ್ ವಾಸನೆ ಕುಡಿದು ಸರ್ವೀಸ್ ಮುಗಿಸಿದವನು ನಾನು. ಮಗು, ಸರ್ಕಾರಿ ಕಾಯಂ ಕೆಲಸವನ್ನು ಮನಸ್ಸಿನಿಂದ ತೆಗೆಯಬೇಡ. 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಮೇಲೆ ರಾಜ್ಯದಲ್ಲಿ ಅತಿ ಕೆಳಗಿನ ಹುದ್ದೆಯ ಮೂಲವೇತನವೇ 27,000. ಟೆಕ್ನಿಷಿಯನ್ ಶ್ರೇಣಿ ಅದಕ್ಕಿಂತ ಮೇಲೆ ಶುರು ಆಗುತ್ತೆ, ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ರೈಲ್ವೆಯಲ್ಲಿ ಆರ್‌ಆರ್‌ಬಿ (ರೈಲ್ವೆ ನೇಮಕಾತಿ ಮಂಡಳಿ) ಪ್ಯಾರಾಮೆಡಿಕಲ್ ಅಂತ ಕರೆಯುತ್ತಾರೆ, ರೇಡಿಯೋಗ್ರಾಫರ್ ಹುದ್ದೆ 5ನೇ ಲೆವೆಲ್, ಮೂಲವೇತನ 29,200. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಓದಿ ಎರಡು ವರ್ಷದ ಡಿಪ್ಲೊಮಾ ಮಾಡಿದವರು ಹಾಕಬಹುದು. ಅಧಿಸೂಚನೆ ಬರೋದು ವರ್ಷಗಟ್ಟಲೆ ತಡ, ಹುದ್ದೆ ಕಡಿಮೆ. ಆದ್ದರಿಂದ ಕೆಲಸ ಮಾಡುತ್ತಲೇ ಓದಬೇಕು. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ವೃತ್ತಿಗಳಿಗೆ ಕಾಯ್ದೆ ತಂದಿದೆ, ನಮ್ಮ ವೃತ್ತಿಯೂ ಅದರಲ್ಲಿದೆ. ಮುಂದೆ ರಿಜಿಸ್ಟರ್‌ನಲ್ಲಿ ಹೆಸರಿಲ್ಲದವರಿಗೆ ಜಾಗ ಇರೋದಿಲ್ಲ. ಅದಕ್ಕೆ ಪ್ಯಾರಾಮೆಡಿಕಲ್ ಬೋರ್ಡಿನ ಅಂಕಪಟ್ಟಿ, ಸರ್ಟಿಫಿಕೇಟ್ ಜೋಪಾನ.

ಮಧುಗಿರಿಯಿಂದ ಕೇಳಿದವರು ಮತ್ತೆ:

ಇಷ್ಟು ಜನ ಇಷ್ಟು ಬಿಚ್ಚಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ, ತುಂಬಾ ಉಪಕಾರ ಆಯಿತು. ಟೀಚಿಂಗ್ ಆಸ್ಪತ್ರೆಗೆ ಫೋನ್ ಮಾಡಿದ್ದೆ. 13,500 ಮಾಡುತ್ತೇವೆ, ಪಿಎಫ್, ಇಎಸ್‌ಐ ಇದೆ ಅಂದರು. ಆದರೆ ಎರಡು ವರ್ಷದ ಬಾಂಡ್, ಒರಿಜಿನಲ್ ಸರ್ಟಿಫಿಕೇಟ್ ಕೊಡಬೇಕಂತೆ. ಕೊಡಬಹುದಾ? ಡಿಗ್ರಿ ಮಾಡಿಸೋದು ಒಳ್ಳೆಯದಾ?

ಕೋಲಾರ, ಸಿಟಿ ಟೆಕ್ನಿಷಿಯನ್:

ಒರಿಜಿನಲ್ ಕೊಡಬೇಡಿ. ಎದುರಲ್ಲಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಖಾಸಗಿ ಆಸ್ಪತ್ರೆಗಳು ನೋಂದಣಿಗೆ ಸಿಬ್ಬಂದಿಯ ಅರ್ಹತೆ ತೋರಿಸಬೇಕು ನಿಜ, ಅದಕ್ಕೆ ನಕಲು ಸಾಕು. ನಮ್ಮ ಕಡೆ ಒಬ್ಬ ಹುಡುಗ ಸರ್ಟಿಫಿಕೇಟ್ ವಾಪಸ್ ಸಿಗದೆ ಸೌದಿ ಕೆಲಸ ಕಳೆದುಕೊಂಡ. ಗಲ್ಫ್‌ಗೆ ಹೋಗುವಾಗ ಡೇಟಾಫ್ಲೋ ಅನ್ನೋ ದಾಖಲೆ ಪರಿಶೀಲಿಸುವ ಕಂಪನಿಯವರು ಓದಿದ ಕಾಲೇಜಿಗೂ ಕೆಲಸ ಮಾಡಿದ ಆಸ್ಪತ್ರೆಗೂ ಪತ್ರ ಬರೆದು ಪರಿಶೀಲಿಸುತ್ತಾರೆ. ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಸ್ಲಿಪ್, ಯಾವ ಮೆಷಿನ್ ಮೇಲೆ ಎಷ್ಟು ಕಾಲ ಕೆಲಸ ಮಾಡಿದಳು ಅಂತ ಅನುಭವ ಪತ್ರ, ಇವು ಇಲ್ಲದಿದ್ದರೆ ಹತ್ತು ವರ್ಷದ ಕೆಲಸಕ್ಕೂ ಲೆಕ್ಕ ಇಲ್ಲ. ಕೈಗೆ ದುಡ್ಡು ಕೊಟ್ಟು ಪಿಎಫ್ ಇಲ್ಲ ಅನ್ನೋ ಕಡೆ ಎಷ್ಟೇ ಕೊಟ್ಟರೂ ನಾನು ಬೇಡ ಅನ್ನುತ್ತೇನೆ.

ಬಾಂಡ್ ಒಂದು ವರ್ಷಕ್ಕೆ ಇಳಿಸಿ ಅಂತ ಕೇಳಿ. ಇಳಿಸದಿದ್ದರೆ, ಆರು ತಿಂಗಳಲ್ಲಿ ಸಿಟಿ ಪೋಸ್ಟಿಂಗ್ ಕೊಡದಿದ್ದರೆ ಬಾಂಡ್ ಅನ್ವಯಿಸಲ್ಲ ಅಂತ ಅದೇ ಕಾಗದದಲ್ಲಿ ಬರೆಸಿ. ಬರೆಯೋಕೆ ಒಪ್ಪಿದರೆ 13,500 ಒಳ್ಳೆಯ ಕೆಲಸ. ಇಎಸ್‌ಐಗೆ ಅವಳ ಸಂಬಳದಿಂದ ಹೋಗೋದು ನೂರೊಂದೋ ನೂರೆರಡೋ ರೂಪಾಯಿ, ಅದರಲ್ಲಿ ನಿಮ್ಮ ಅಪ್ಪ ಅಮ್ಮ ಅವಳನ್ನೇ ನೆಚ್ಚಿಕೊಂಡಿದ್ದರೆ ಅವರಿಗೂ ಚಿಕಿತ್ಸೆ ಸಿಗುತ್ತೆ.

ಡಿಗ್ರಿ ಮಾಡಿಸಿ, ಆದರೆ ಈಗಲೇ ಬೇಡ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿ ಡಿಪ್ಲೊಮಾ ಮಾಡಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಸಾಲ ಅರ್ಧ ತೀರಿದಮೇಲೆ, ಸಿಟಿ ಕೈಗೆ ಹತ್ತಿದಮೇಲೆ ಹೋದರೆ ಓದು ಅವಳಿಗೇ ಸುಲಭ ಆಗುತ್ತೆ. ದೊಡ್ಡ ಆಸ್ಪತ್ರೆಗಳಲ್ಲಿ ಸೀನಿಯರ್, ಇನ್‌ಚಾರ್ಜ್ ಅಂತ ಮಾಡುವಾಗ ಡಿಗ್ರಿ ಕೇಳುತ್ತಾರೆ, ನನ್ನ 34,000 ನಿಂತಿರೋದೂ ಅದೇ ಗೋಡೆ ಹತ್ತಿರ.

ಸೇರುವ ದಿನ ಅವಳಿಗೆ ಹೇಳಿ: ಮೊದಲ ವಾರವೇ ಟಿಎಲ್‌ಡಿ ನಂಬರ್ ಕೇಳಿ ಬರೆದಿಟ್ಟುಕೊಳ್ಳಲಿ, ಡ್ಯೂಟಿ ಮುಗಿದಮೇಲೆ ಅರ್ಧ ಗಂಟೆ ಸಿಟಿ ಕನ್ಸೋಲ್ ಹಿಂದೆ ನಿಂತು ನೋಡೋಕೆ ಅಲ್ಲಿನ ಸೀನಿಯರ್ ಹತ್ತಿರ ಅನುಮತಿ ಕೇಳಲಿ. ಪೋಸ್ಟಿಂಗ್ ಮೊದಲು ಸಿಗೋದು ಕೇಳಿದವರಿಗೆ.