ಸಹಾಯ ಬೇಕು: 1903ರ ಫೋಟೋ ಆಲ್ಬಂ, ಹಾಳೆಗಳು ಅಂಟಿಕೊಂಡಿವೆ

ಎಲ್ಲರಿಗೂ ನಮಸ್ಕಾರ. ಮುಂಬೈಯ ಚೋರ್ ಬಜಾರ್‌ನಲ್ಲಿ ಒಂದು ಹಳೇ ಆಲ್ಬಂ ಸಿಕ್ಕಿತು. ಬರೀ ಹಡಗು, ಬಂದರು, ಟೋಪಿ ಹಾಕಿದ ಸಾಹೇಬರು. ಫೋಟೋಗಳ ಕೆಳಗೆ ಶಾಯಿಯಲ್ಲಿ ಮಸ್ಕತ್, ಶಾರ್ಜಾ, ಬಹ್ರೇನ್, ಕುವೈತ್, ನವೆಂಬರ್ 1903 ಅಂತ ಬರೆದಿದೆ. ವೈಸ್‌ರಾಯ್ ಲಾರ್ಡ್ ಕರ್ಜನ್ 'ಹಾರ್ಡಿಂಜ್' ಹಡಗಿನಲ್ಲಿ ಪರ್ಷಿಯನ್ ಕೊಲ್ಲಿ ಸುತ್ತಿದ್ದು ಆಗಲೇ ಅಲ್ವಾ? ನವೆಂಬರ್ 21ರಂದು ಶಾರ್ಜಾ ಎದುರು 'ಆರ್ಗೊನಾಟ್' ಯುದ್ಧನೌಕೆಯ ಮೇಲೆ ದರ್ಬಾರು ನಡೆದಿತ್ತು. ಅದರದ್ದೇ ಇರಬೇಕು ಅನ್ನಿಸುವ ಫೋಟೋ ಒಂದಿದೆ. ಡೆಕ್ ತುಂಬಾ ಜಮಖಾನ, ಸಾಲು ಕುರ್ಚಿ, ಮೂಲೆಯಲ್ಲಿ ಬರಿಗಾಲಲ್ಲಿ ನಿಂತ ಹುಡುಗ. ನನಗಂತೂ ಸಾಹೇಬರಿಗಿಂತ ಆ ಹುಡುಗನೇ ಇಷ್ಟವಾದ.

ಪರ್ಷಿಯಾದ ಬಂದರು ಬುಶೆಹರ್‌ನ ಪುಟದಲ್ಲಿ ದೂರದಿಂದ ತೆಗೆದ ದಡ ಮಾತ್ರ ಇದೆ. ಸರಿಯೇ, ಸ್ವಾಗತದ ಮರ್ಯಾದೆಯ ತಕರಾರಿನಲ್ಲಿ ಕರ್ಜನ್ ಅಲ್ಲಿ ಇಳಿಯಲೇ ಇಲ್ಲ.

ತೊಂದರೆ ಏನೆಂದರೆ, ಕುವೈತ್‌ನ ಎರಡು ಹಾಳೆಗಳು ಒಂದಕ್ಕೊಂದು ಅಂಟಿವೆ. ಸಂದಿಯಲ್ಲಿ ಇಣುಕಿದರೆ ಒಂದು ಗಾಡಿ ಚಕ್ರ ಕಾಣುತ್ತದೆ. ಕುವೈತ್‌ನ ಆಗಿನ ದೊರೆ ಶೇಖ್ ಮುಬಾರಕ್ ಬೊಂಬಾಯಿಯಿಂದ ತರಿಸಿದ ಸಾರೋಟೇ ಇರಬಹುದಾ? ಹಬೆ ಹಿಡಿದರೆ ಬಿಡುತ್ತದೆ ಅಂದರು ಒಬ್ಬರು. ಧೈರ್ಯ ಬರಲಿಲ್ಲ.

ಬೆಂಗಳೂರಿನಲ್ಲಿ ಇಂಥ ಫೋಟೋಗಳನ್ನು ಜೋಪಾನವಾಗಿ ಬಿಡಿಸಿಕೊಡುವವರು ಗೊತ್ತಿದ್ದರೆ ತಿಳಿಸಿ. ಮಧ್ಯೆ ಇಡಲು ಆಮ್ಲ ಇಲ್ಲದ ಕಾಗದ ಎಲ್ಲಿ ಸಿಗುತ್ತದೆ? ಮಳೆಗಾಲ ಬೇರೆ ಹತ್ತಿರ ಬಂತು.